ಸ್ವಿಫ್ಟ್ ಇಂಜಿನ್ ಅಲ್ವಾ ಸಾರ್

ನಮ್ ಹಳೇ ಕಾರು ಪುಂಟೊ ಮಾರಿ ಎರಡು ತಿಂಗಳಾಯ್ತು, ಇನ್ನೂ ಬೆಳಿಗ್ಗೆ ಗೇಟ್ ತೆಗೆಯೋವಾಗ ನನ್ ಕಣ್ಣು ಮೊದ್ಲು ನೆಲಕ್ಕೇ ಹೋಗುತ್ತೆ, ರಾತ್ರಿ ಕಾರ್ ಕೆಳಗೆ ಏನಾದ್ರೂ ತೊಟ್ಟಿಕ್ಕಿದ್ಯಾ ಅಂತ. ಹೊಸ ಕಾರ್ ಕೆಳಗೆ ಎಸಿ ನೀರು ಬಿಟ್ರೆ ಏನೂ ಇರಲ್ಲ. ಒಂಥರಾ ಬೇಜಾರಾಗುತ್ತೆ ಅಂದ್ರೆ ನಮ್ಮನೇಲಿ ನಗ್ತಾರೆ.

2010ರ ಆಗಸ್ಟಲ್ಲಿ ತಗೊಂಡಿದ್ದು. ಫಿಯಟ್ ಗ್ರಾಂಡೆ ಪುಂಟೊ, 1.3 ಡೀಸೆಲ್, ಬೂದು ಬಣ್ಣ. ಆಗ ಮೈಸೂರಲ್ಲಿ ಟಾಟಾ ಶೋರೂಮಲ್ಲೇ ಫಿಯಟ್ಟೂ ಮಾರ್ತಿದ್ರು, ನಾನು ಹೋಗಿದ್ದು ಇಂಡಿಕಾ ವಿಸ್ಟಾ ನೋಡೋಕೆ, ಮೂಲೇಲಿ ಇದು ನಿಂತಿತ್ತು. ಮುಂದಿನ ಮೂತಿ ನೋಡಿ ಸುಮ್ನೆ ನಿಂತ್ಕೊಂಡೆ. ಆಮೇಲೆ ಗೊತ್ತಾಯ್ತು ಅದನ್ನ ಡಿಸೈನ್ ಮಾಡಿದ್ದು ಇಟಲಿಯ ಜೊರ್ಜೆಟ್ಟೊ ಜುಜಾರೊ ಅಂತ, ನಮ್ ಮಾರುತಿ 800ರ ಕಾಲದಿಂದ್ಲೂ ಇಡೀ ಜಗತ್ತಿಗೆ ಕಾರಿನ ಆಕಾರ ಬಿಡಿಸ್ಕೊಟ್ಟೋರು. ಇನ್ನೊಂದು ಕಾರಣ ನಮ್ ದೊಡ್ಡಪ್ಪನ ಪ್ರೀಮಿಯರ್ ಪದ್ಮಿನಿ. ಅದರ ಹೆಸರು ಪದ್ಮಿನಿ ಅಂತ ನಮ್ಮನೇಲಿ ಯಾರೂ ಕರೀಲಿಲ್ಲ, "ಫಿಯಟ್ ಕಾರು" ಅಷ್ಟೇ, ಗೇರ್ ಸ್ಟೇರಿಂಗ್ ಪಕ್ಕದಲ್ಲಿ. ಅದ್ರಲ್ಲಿ ಏಳು ಜನ ಕೂತು ನಂಜನಗೂಡಿಗೆ ಹೋಗಿದ್ದು ನೆನಪಿದ್ದೋನಿಗೆ ಫಿಯಟ್ ಅಂದ್ರೆ ವಿದೇಶಿ ಗಾಡಿ ಅನ್ಸೋದೇ ಇಲ್ಲ.

ಅದೇ ವರ್ಷ ಜೂನಲ್ಲಿ ಪೆಟ್ರೋಲ್ ಬೆಲೆ ಮೇಲಿನ ಸರ್ಕಾರದ ಹಿಡಿತ ತೆಗೆದಿದ್ರು, ಡೀಸೆಲ್ ಮಾತ್ರ ಲೀಟರ್‌ಗೆ ನಲವತ್ತರ ಆಸುಪಾಸಲ್ಲಿತ್ತು, ಹಾಗಾಗಿ ಡೀಸೆಲ್ಲೇ ಅಂತ ಹಠ. ದುಡ್ಡು ಉಳ್ಸೋಕೆ ಏರ್‌ಬ್ಯಾಗ್ ಇಲ್ಲದ ವೇರಿಯಂಟ್ ತಗೊಂಡೆ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

ಈ ಗಾಡಿಯ ವಿಚಿತ್ರ ಏನಂದ್ರೆ ಇದರ ಇಂಜಿನ್ ಎಲ್ರ ಮನೇಲೂ ಇತ್ತು. 1248 ಸಿಸಿ ಮಲ್ಟಿಜೆಟ್. ಸ್ವಿಫ್ಟ್, ಡಿಜೈರ್, ರಿಟ್ಜ್, ವಿಸ್ಟಾ, ಮಾಂಜಾ, ಎಲ್ಲಾದ್ರಲ್ಲೂ ಅದೇ. ಬಾನೆಟ್ ಎತ್ತಿದ ಪ್ರತಿಯೊಬ್ಬ ಮೆಕ್ಯಾನಿಕ್ಕೂ ಹೇಳೋದು ಒಂದೇ ಮಾತು, "ಸ್ವಿಫ್ಟ್ ಇಂಜಿನ್ ಅಲ್ವಾ ಸಾರ್". ಹುಟ್ಟಿಸಿದ್ದು ಫಿಯಟ್ಟು, ಹೆಸರು ಸ್ವಿಫ್ಟಿಗೆ. ಮೊದಮೊದ್ಲು ಕೂತು ವಿವರಿಸ್ತಿದ್ದೆ, ಆಮೇಲೆ ಹೂಂ ಅಂದುಬಿಡೋದು ಕಲ್ತೆ. ಆದ್ರೆ ಅದೇ ಮಾತು ನಂಗೆ ಹದಿನೈದು ವರ್ಷ ಧೈರ್ಯ ಕೊಡ್ತು ನೋಡಿ, ಆಯಿಲ್ ಫಿಲ್ಟರು, ಟೈಮಿಂಗ್ ಚೈನು, ಇಜಿಆರ್ ವಾಲ್ವು ಏನೇ ಬೇಕಾದ್ರೂ ಯಾವ ಊರಲ್ಲಾದ್ರೂ ಸಿಗ್ತಿತ್ತು. ಇಂಜಿನ್ ಸುತ್ತ ಇರೋ ಮಿಕ್ಕಿದ್ದು, ಡೋರ್ ಹ್ಯಾಂಡಲ್ಲು, ಗ್ಲಾಸ್ ಎತ್ತೋ ಮೆಷೀನು, ಬಂಪರ್ ಕ್ಲಿಪ್ಪು, ಡ್ಯಾಶ್‌ಬೋರ್ಡಿನ ಚಿಕ್ಕ ಚಿಕ್ಕ ಪ್ಲಾಸ್ಟಿಕ್ಕು, ಇವಕ್ಕೆ ಮಾತ್ರ ಅಲೆದಾಟ. 2019ರ ಹೊತ್ತಿಗೆ ನಮ್ ದೇಶದಲ್ಲಿ ಫಿಯಟ್ ಹೆಸರಿನ ಕಾರು ಬರೋದೇ ನಿಂತೋಯ್ತು, 2020ರ ಏಪ್ರಿಲಲ್ಲಿ ಬಿಎಸ್-6 ಅನ್ನೋ ಹೊಸ ಹೊಗೆ ನಿಯಮ ಬಂದಾಗ ಮಾರುತಿನೂ ಆ ಡೀಸೆಲ್ ಇಂಜಿನ್ ಕೈಬಿಡ್ತು.

ನಮ್ಮ ಮೆಕ್ಯಾನಿಕ್ಕನ್ನ ನಾನು ಭಾಯ್ ಅಂತೀನಿ, ಅವ್ರು ನನ್ನ ಸಾರ್ ಅಂತಾರೆ, ಬನ್ನಿಮಂಟಪದ ಕಡೆ ಒಂದು ಶೆಡ್ಡು, ಎರಡೇ ಹುಡುಗ್ರು. ಅವ್ರಿಂದ ಕಲ್ತಿದ್ದು ಕಿವೀಲಿ ಗಾಡಿ ನೋಡೋದು. ಗುಂಡಿಗೆ ಇಳ್ದಾಗ ಒಂದೇ ಸಲ "ಟಕ್" ಅಂದ್ರೆ ಲೋಯರ್ ಆರ್ಮ್ ಬುಶ್ಶು, ಸಣ್ಣ ಸಣ್ಣ ಹಳ್ಳದಲ್ಲಿ "ಕಟಕಟಕಟ" ಅಂತ ಕಾಳು ಹುರಿದಂಗೆ ಬಂದ್ರೆ ಲಿಂಕ್ ರಾಡು, ನಿಂತಲ್ಲೇ ಸ್ಟೇರಿಂಗ್ ತಿರುಗಿಸ್ದಾಗ ಸ್ಪ್ರಿಂಗ್ ಎಗರಿದಂಗಾದ್ರೆ ಮೇಲಿನ ಸ್ಟ್ರಟ್ ಮೌಂಟು. ಮೂರೂ ಸಸ್ಪೆನ್ಷನ್ನಿನ ಭಾಗಗಳೇ. ಈ ಮೂರು ಸದ್ದು ಗೊತ್ತಿದ್ರೆ ಅರ್ಧ ದುಡ್ಡು ಉಳೀತು ಅನ್ಕೊಳ್ಳಿ, ಗೊತ್ತಿಲ್ದೇ ಹೋದ್ರೆ ಶಾಕ್ ಅಬ್ಸಾರ್ಬರ್ ಸಮೇತ ಎಲ್ಲಾ ಬದಲಾಯಿಸಿ ಬಿಲ್ ಕೈಗೆ ಕೊಡ್ತಾರೆ, ಸದ್ದು ಹಾಗೇ ಇರುತ್ತೆ. ನಂಗೆ ಒಂದ್ಸಲ ಹಾಗಾಗಿದೆ, ಎಲ್ಲಿ ಅಂತ ಹೇಳಲ್ಲ.

ನಮ್ಮವಳ ತೌರು ಪುತ್ತೂರು. ಅಂದ್ರೆ ವರ್ಷಕ್ಕೆ ಐದಾರು ಸಲ ಹುಣಸೂರು, ಕುಶಾಲನಗರ, ಮಡಿಕೇರಿ, ಸಂಪಾಜೆ ಘಾಟಿ, ಸುಳ್ಯ. ಆ ಘಾಟಿಗೋಸ್ಕರಾನೇ ಹುಟ್ಟಿದ ಗಾಡಿ ಅದು. ಹೈಡ್ರಾಲಿಕ್ ಸ್ಟೇರಿಂಗು, ಪೇಟೇಲಿ ಸ್ವಲ್ಪ ಭಾರ, ಆದ್ರೆ ತಿರುವಲ್ಲಿ ರಸ್ತೆ ಅಂಗೈಗೇ ಗೊತ್ತಾಗೋದು, ಇಲ್ಲಿ ಮರಳಿದೆ, ಇಲ್ಲಿ ನೀರಿದೆ ಅಂತ. 2018ರ ಆಗಸ್ಟಲ್ಲಿ ಜೋಡುಪಾಲದ ಹತ್ರ ಗುಡ್ಡ ಕುಸಿದು ಆ ದಾರಿ ಬಂದ್ ಆದಾಗ ಎಷ್ಟೋ ದಿನ ಆ ಕಡೆ ತಲೆ ಹಾಕೋಕಾಗ್ಲಿಲ್ಲ, ಮತ್ತೆ ತೆರೆದ ಮೇಲೆ ಮೊದಲನೇ ಸಲ ಹೋದಾಗ ಇಡೀ ಘಾಟಿ ಯಾರೂ ಮಾತಾಡ್ಲಿಲ್ಲ, ಬರೀ ಗೀರಿದಂಗಿದ್ದ ಕೆಂಪು ಗುಡ್ಡ ನೋಡ್ಕೊಂಡು ಕೂತಿದ್ವಿ.

ಕೈ ಕೊಟ್ಟಿದ್ದೂ ಅದೇ ಘಾಟೀಲೇ. 2024ರ ಜುಲೈ, ಪುತ್ತೂರಿಂದ ವಾಪಸ್ ಬರ್ತಾ, ಸಂಪಾಜೆ ದಾಟಿ ಹತ್ತುತಾ ಇದ್ವಿ. ಮಳೆ ಜೋರು, ಮುಂದೆ ಒಂದು ಲಾರಿ ತೆವಳ್ತಿದೆ. ಹಿತವಾದ ಒಂದು ಸಿಹಿ ವಾಸನೆ ಬಂತು, ಕಬ್ಬಿನ ಹಾಲು ಕಾಯಿಸ್ದಂಗೆ. "ಎಂತ ಇದು ಪರಿಮಳ ಮಾರಾಯ್ರೆ" ಅಂದ್ಲು ಇವ್ಳು. ಕೂಲೆಂಟ್, ಅಂದ್ರೆ ಇಂಜಿನ್ ತಣ್ಣಗಿಡೋ ದ್ರವ, ಸುಟ್ರೆ ಬರೋ ವಾಸನೆ ಅದು, ನಂಗೊತ್ತು, ಆದ್ರೆ ಒಂದ್ ನಿಮಿಷ ಗೊತ್ತಿಲ್ದಂಗೆ ಓಡಿಸ್ದೆ, ಮನುಷ್ಯನ ಬುದ್ಧಿ. ಟೆಂಪರೇಚರ್ ಮುಳ್ಳು ಮೇಲೆ ಹೋಗ್ತಿದ್ದಂಗೆ ಹೀಟರ್ ಫುಲ್ ಇಟ್ಟು ಬ್ಲೋಯರ್ ಜೋರು ಮಾಡ್ದೆ, ಇಂಜಿನ್ ಬಿಸಿ ಒಳಗೆ ಎಳ್ಕೊಳ್ಳುತ್ತೆ ಅಂತ ಭಾಯ್ ಹೇಳಿದ್ರು. ಮಳೇಲಿ ಗ್ಲಾಸ್ ಇಳ್ಸಿ ಬೆವರ್ತಾ ಒಂದು ಅಗಲ ಜಾಗ ನೋಡಿ ನಿಲ್ಸಿದೆ. ಬಾನೆಟ್ ಎತ್ತಿದ್ರೆ ಬರೀ ಹಬೆ.

ಹಿಂದೆ ಬರ್ತಿದ್ದ ಪಿಕಪ್ಪಿನ ಹುಡುಗ ನಿಲ್ಸಿದ. "ಮುಚ್ಚಳ ತೆಗಿಬೇಡಿ ಸಾರ್, ಮುಖಕ್ಕೆ ಹೊಡೀತದೆ" ಅಂತ ದೂರದಿಂದ್ಲೇ ಕೂಗಿದ. ಅರ್ಧ ಗಂಟೆ ತಣ್ಣಗಾಗೋಕೆ ಬಿಟ್ವಿ. ರೇಡಿಯೇಟರಿನ ಮೇಲಿನ ಹೋಸ್ ಕ್ಲಿಪ್ ಹಾಕೋ ಜಾಗದಲ್ಲಿ ಉದ್ದಕ್ಕೆ ಸೀಳ್ಕೊಂಡಿತ್ತು, ಹಳೇ ಚಪ್ಪಲಿ ಬಾರ್ ಥರ. ಅವ್ನು ಸೀಟ್ ಕೆಳಗಿಂದ ಕತ್ತಿ ತಂದು ಸೀಳಿದ ತುದಿ ಒಂದು ಇಂಚು ಕಟ್ ಮಾಡಿ, ಉಳ್ದಿದ್ದನ್ನ ಎಳ್ದು ಒತ್ತಿ ಕೂರಿಸಿ, ಕ್ಲಿಪ್ ಬಿಗಿ ಮಾಡ್ದ, ರಸ್ತೆ ಬದಿ ಇಳೀತಿದ್ದ ನೀರನ್ನೇ ಎರಡು ಬಾಟ್ಲಿ ಹಿಡಿದು ಹಾಕಿದ್ವಿ. ದುಡ್ಡು ಕೊಡೋಕೆ ಹೋದ್ರೆ ಬೇಡ ಅಂದ, "ಸ್ವಿಫ್ಟಿನ ಇಂಜಿನ್ ಅಲ್ವಾ ಇದು" ಅಂದ. ಹೂಂ ಅಂದೆ.

ತಪ್ಪು ನಂದೇ. ಹೋಸ್ ಗಟ್ಟಿಯಾಗಿದೆ ಸಾರ್ ಚೇಂಜ್ ಮಾಡ್ಸಿ ಅಂತ ಭಾಯ್ ಎರಡು ಸರ್ವೀಸಿಂದ ಹೇಳ್ತಾನೇ ಇದ್ರು. ಅದರ ಮೇಲೆ ಇನ್ನೊಂದು ಘನಕಾರ್ಯ ಮಾಡಿದ್ದೆ, ಈ ಗಾಡಿಗೆ ಹಾಕೋದು ಕೆಂಪು ಕೂಲೆಂಟು, ನಾನು ಯಾವಾಗ್ಲೋ ಬಂಕಲ್ಲಿ ಸಿಕ್ಕಿದ ಹಸಿರುದನ್ನ ಟಾಪ್‌ಅಪ್ ಮಾಡಿದ್ದೆ. ಬಣ್ಣ ಏನಾದ್ರೇನು ಅಂತ. ಬೇರೆ ಬೇರೆ ಜಾತಿ ಕೂಲೆಂಟ್ ಬೆರೆತ್ರೆ ತುಕ್ಕು ತಡೆಯೋ ಗುಣ ಹೋಗುತ್ತೆ, ಕೆಲವು ಸಲ ಗಸಿ ಕಟ್ಟುತ್ತೆ. ಭಾಯ್ ರೇಡಿಯೇಟರ್ ಬಿಚ್ಚಿದಾಗ ಒಳಗಿಂದ ಬಂದಿದ್ದು ಕಾಫಿ ಚರಟ. ತಟ್ಟೆಗೆ ಸುರಿದು ನನ್ ಮುಂದೆ ಇಟ್ರು, ಒಂದು ಮಾತೂ ಆಡ್ಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಆ ವರ್ಷದಿಂದ ಲೆಕ್ಕ ಬರೆಯೋಕೆ ಶುರು ಮಾಡ್ದೆ. ಹನ್ನೆರಡು ತಿಂಗಳಲ್ಲಿ ಖರ್ಚು 41,000. ಅದೇನು ದೊಡ್ಡದಲ್ಲ, ಹೊಸ ಕಾರಿನ ನಾಲ್ಕು ಇಎಂಐ. ನಂಗೆ ಗಾಬರಿ ಆಗಿದ್ದು ಪಕ್ಕದ ಕಾಲಮ್ ನೋಡಿ, ಗ್ಯಾರೇಜಲ್ಲಿ ನಿಂತ ದಿನ 23. ಅದ್ರಲ್ಲಿ ಒಂಬತ್ತು ದಿನ ಡ್ರೈವರ್ ಸೈಡ್ ಗ್ಲಾಸಿನ ರೆಗ್ಯುಲೇಟರ್‌ಗೆ ಕಾದಿದ್ದು. ಹದಿನಾಲ್ಕು ವರ್ಷದ ಪ್ಲಾಸ್ಟಿಕ್ಕು ಸವೆದು ಗ್ಲಾಸ್ ಡೋರ್ ಒಳಗೆ ಬಿದ್ದುಹೋಗಿತ್ತು. ಬೆಂಗಳೂರಿಗೆ ಹೋಗಿ ಜೆಸಿ ರೋಡಲ್ಲಿ ಹತ್ತು ಅಂಗಡಿ ಕೇಳಿ, ಕೊನೆಗೆ ಶಿವಾಜಿನಗರದ ಗುಜರೀಲಿ ಒಂದು ಸಿಕ್ತು, ಅದೂ ಪ್ಯಾಸೆಂಜರ್ ಸೈಡಿಂದು. ಭಾಯ್ ಎರಡೂ ಬಿಚ್ಚಿ ಅದರ ಇದು ಇದರ ಅದು ಸೇರಿಸಿ ಹೇಗೋ ಎಬ್ಬಿಸಿದ್ರು. ನಾನು ಬಸ್ಸಲ್ಲಿ ಆ ಕಬ್ಬಿಣದ ತುಂಡನ್ನ ಪೇಪರಲ್ಲಿ ಸುತ್ತಿ ತೊಡೆ ಮೇಲಿಟ್ಕೊಂಡು ಬರ್ತಿದ್ರೆ ಪಕ್ಕದೋರು ಏನ್ ಸಾರ್ ಅದು ಅಂದ್ರು, ಕಾರು ಅಂದೆ.

2025ರ ಆಗಸ್ಟಿಗೆ ಆರ್‌ಸಿ ಹದಿನೈದು ವರ್ಷ ಮುಗೀತಿತ್ತು. ನಮ್ಮಲ್ಲಿ ದೆಹಲಿ ಥರ ಹತ್ತು ವರ್ಷದ ಡೀಸೆಲ್ ಗಾಡಿ ತಡೆಯೋ ನಿಯಮ ಇಲ್ಲ, ಗಾಡಿ ಸರಿಯಾಗಿದ್ರೆ ಇನ್ನೈದು ವರ್ಷಕ್ಕೆ ರಿನ್ಯೂ ಮಾಡ್ತಾರೆ. 2022ರ ಏಪ್ರಿಲ್‌ಗೆ ಮುಂಚೆ ಅದಕ್ಕೆ ಫೀಸು 600 ಇತ್ತು, ಆಮೇಲೆ 5,000 ಮಾಡಿದ್ರು, ಗ್ರೀನ್ ಟ್ಯಾಕ್ಸ್ ಬೇರೆ. ಫಾರ್ಮ್ 25, ಇನ್ಶೂರೆನ್ಸು, ಎಮಿಷನ್ ಸರ್ಟಿಫಿಕೇಟು, ಆಮೇಲೆ ಪೆನ್ಸಿಲ್ ಉಜ್ಜಿ ಚಾಸಿ ನಂಬರ್ ಅಚ್ಚು ತೆಗೆಯೋದು. ಹೊಸ ನಂಬರ್ ಪ್ಲೇಟ್ ಆಗ್ಲೇ ಹಾಕ್ಸಿದ್ದೆ, ಅದರ ಕಡೇ ದಿನಾಂಕ ಎಷ್ಟು ಸಲ ಮುಂದಕ್ಕೆ ಹೋಯ್ತು ಅಂತ ಎಲ್ರಿಗೂ ಗೊತ್ತಿರೋದೇ, ನಾನು ಮೊದಲನೇ ಗಡುವಿಗೇ ಹೆದರಿ ಹಾಕ್ಸಿದ ಪೈಕಿ. ಗಾಡಿ ನೋಡಿದ ಇನ್‌ಸ್ಪೆಕ್ಟರ್ ಬಾನೆಟ್ ಎತ್ತಿ ಏನು ಕೇಳಿದ್ರು ಅಂತ ಬೇರೆ ಹೇಳ್ಬೇಕಾ. ಆರ್‌ಸಿ 2030ರ ತನಕ ಸಿಕ್ತು. ಗೆದ್ದೋನ ಥರ ಮನೆಗೆ ಬಂದೆ.

ಮಗಳು ಕೂತಿದ್ಲು. ಜುಲೈಲಿ ಹದಿನೆಂಟು ತುಂಬಿ ಎಲ್‌ಎಲ್, ಅಂದ್ರೆ ಕಲಿಯೋರ ಲೈಸೆನ್ಸು, ತಗೊಂಡಿದ್ಲು. "ಅಪ್ಪ, ಹಾಗಾದ್ರೆ ನಾನು ಇದ್ರಲ್ಲೇ ಕಲೀಬೋದಲ್ಲ?" ಅಂದ್ಲು.

ಅದೊಂದು ಮಾತಿಗೆ ನನ್ ಹತ್ರ ಉತ್ತರ ಇರ್ಲಿಲ್ಲ. ಹದಿನೈದು ವರ್ಷ ನಾನು ಏರ್‌ಬ್ಯಾಗ್ ಇಲ್ದೇ ಓಡಿಸಿದೀನಿ, ಒಂದಿನಾನೂ ಅದರ ಯೋಚ್ನೆ ಬಂದಿಲ್ಲ. ಆ ಸೀಟಲ್ಲಿ ಅವಳನ್ನ ಊಹೆ ಮಾಡ್ಕೊಂಡ ತಕ್ಷಣ ಆಗ್ಲಿಲ್ಲ. ಇವ್ಳು ಅಡುಗೆಮನೆಯಿಂದ್ಲೇ "ಇನ್ನು ಸಾಕು" ಅಂದ್ಲು, ನಾನೂ ಏನೂ ಅನ್ಲಿಲ್ಲ.

ಇನ್ನೊಂದು ಸಣ್ಣ ಯುರೋಪಿಯನ್ ಕಾರೇ ತಗೊಳ್ಳೋಣ ಅಂತ ಹುಡುಕಿದೆ. ಫೋಕ್ಸ್‌ವ್ಯಾಗನ್ ಪೋಲೊ ಇದ್ದಿದ್ರೆ ಕಣ್ಮುಚ್ಚಿ ತಗೊಳ್ತಿದ್ದೆ, ಅದು 2022ರಲ್ಲೇ ನಿಂತೋಯ್ತು. ಸಿಟ್ರೊಯೆನ್ ಸಿ3 ಓಡಿಸ್ದೆ, ಗುಂಡಿ ದಾಟೋ ನಯ ನೋಡಿ ಖುಷಿಯಾಯ್ತು, ಆದ್ರೆ ರಸ್ತೇಲಿ ಅಪರೂಪಕ್ಕೆ ಕಾಣೋ ಗಾಡಿ ಇನ್ನೊಂದ್ಸಲ ಸಾಕೋ ಧೈರ್ಯ ನನ್ನಲ್ಲಿರ್ಲಿಲ್ಲ. ಸ್ಕೋಡಾ ಕೈಲಾಕ್ ಇಷ್ಟ ಆಯ್ತು, ನಂಗೆ ಬೇಕಿದ್ದ ವೇರಿಯಂಟ್ ಜೇಬಿಗೆ ಎಟುಕ್ಲಿಲ್ಲ, ಅದೂ ಅಲ್ದೆ ಅದು ಎತ್ತರದ ಗಾಡಿ, ನಂಗೆ ನೆಲಕ್ಕೆ ಹತ್ರ ಕೂರೋದೇ ಇಷ್ಟ. ಅಷ್ಟರಲ್ಲಿ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳೀತು. ಶೋರೂಮಲ್ಲಿ ದಸರಾ ಜಂಬೂ ಸವಾರಿಗಿಂತ ಜಾಸ್ತಿ ಜನ. ಬುಕ್ ಮಾಡಿದ್ದು ಏನು ಗೊತ್ತಾ? ಸ್ವಿಫ್ಟು. ಪೆಟ್ರೋಲು, ಆರು ಏರ್‌ಬ್ಯಾಗು. ಭಾಯ್‌ಗೆ ಫೋನ್ ಮಾಡಿ ಹೇಳ್ದೆ, ಸುಮಾರು ಹೊತ್ತು ನಕ್ಕರು.

ಪುಂಟೊಗೆ ಆನ್‌ಲೈನ್ ಡೀಲರುಗಳು 55,000 ಅಂದ್ರು, ಸ್ಕ್ರ್ಯಾಪಿಗೆ ಹಾಕಿದ್ರೆ ತೂಕದ ಲೆಕ್ಕ. ಕೊನೆಗೆ ಹಾಸನದಿಂದ ಒಬ್ಬ ಹುಡುಗ ಬಂದ, ಅವನ ಹತ್ರ ಆಗ್ಲೇ ಒಂದು ಫಿಯಟ್ ಲಿನಿಯಾ ಇದೆ. ಬೆಲೆ ಕೇಳೋಕೆ ಮುಂಚೆ ನೆಲದ ಮೇಲೆ ಮಲಗಿ ಸೈಲೆನ್ಸರ್ ಬ್ರಾಕೆಟ್ ನೋಡ್ದ, ಅಲ್ಲೇ ನಂಗೆ ಮನಸ್ಸು ಒಪ್ತು. 80,000ಕ್ಕೆ ಮಾತಾಯ್ತು. ಮೀಟರಲ್ಲಿ 1,86,412. ಗಾಡಿ ಅವನ ಹೆಸರಿಗೆ ಮಾಡೋ ಫಾರ್ಮ್ 29, 30ಕ್ಕೆ ಸೈನ್ ಹಾಕಿ, ಹಳೇ ಬಿಲ್ಲುಗಳ ಫೈಲು, ಗುಜರೀಲಿ ತಂದು ಉಳ್ದಿದ್ದ ಕ್ಲಿಪ್ಪುಗಳ ಡಬ್ಬಿ, ಒಂದು ಲೀಟರ್ ಕೆಂಪು ಕೂಲೆಂಟ್ ಎಲ್ಲಾ ಡಿಕ್ಕಿಗೆ ಹಾಕ್ಕೊಟ್ಟೆ. ಹಸಿರು ಹಾಕ್ಬೇಡಪ್ಪ ಅಂತ ಎರಡು ಸಲ ಹೇಳ್ದೆ.

ಸ್ವಿಫ್ಟ್ ಚೆನ್ನಾಗಿದೆ, ಸುಳ್ಳು ಹೇಳಲ್ಲ. ಇನ್ನೂರು ಕೆಜಿಗಿಂತ ಜಾಸ್ತಿ ಹಗುರ, ಸ್ಟೇರಿಂಗ್ ಒಂದು ಬೆರಳಲ್ಲಿ ತಿರುಗುತ್ತೆ, ಮಗಳು ಆಗ್ಲೇ ರಿಂಗ್ ರೋಡಲ್ಲಿ ಓಡಿಸ್ತಾಳೆ. ಒಂದೇ ತೊಂದ್ರೆ, ಪುಂಟೊದಲ್ಲಿ ಇಂಡಿಕೇಟರ್ ಎಡಗೈಗೆ, ಇದ್ರಲ್ಲಿ ಬಲಗೈಗೆ. ಹಾಗಾಗಿ ಎರಡು ತಿಂಗಳಿಂದ ನಾನು ಪ್ರತಿ ಸರ್ಕಲಲ್ಲೂ ಬಿಸಿಲಲ್ಲಿ ವೈಪರ್ ಆಡಿಸ್ಕೊಂಡು ತಿರುಗ್ತಿದೀನಿ, ಹಿಂದಿನೋರು ಹಾರ್ನ್ ಹೊಡೀತಾರೆ, ಮಗಳು ಸೀಟಲ್ಲಿ ಕೆಳಗೆ ಜಾರಿ ಮುಖ ಮುಚ್ಕೊಳ್ತಾಳೆ.

ಕಳೆದ ಭಾನುವಾರ ಹಾಸನದ ಹುಡುಗ ವಾಟ್ಸಾಪಲ್ಲಿ ಒಂದು ಆಡಿಯೋ ಕಳ್ಸಿದ್ದ, ಇಪ್ಪತ್ತು ಸೆಕೆಂಡು, ಮಾತಿಲ್ಲ, ಬರೀ ಗಾಡಿ ಓಡೋ ಸದ್ದು. ಕೆಳಗೆ "ಅಣ್ಣ ಇದೇನು?" ಅಂತ. ಕಿವಿಗೆ ಒತ್ಕೊಂಡು ಕೇಳ್ದೆ. ಡೀಸೆಲ್ ಗುರುಗುಟ್ಟೋದು, ಎಲ್ಲೋ ಒಂದು ಬಸ್ಸು, ಆಮೇಲೆ ಹಳ್ಳ, ಕಟಕಟಕಟ. ಲಿಂಕ್ ರಾಡು, ಎಡಗಡೆದು ಮೊದ್ಲು ನೋಡ್ಸು, ಅದನ್ನ ಬಲಗಡೆದಕ್ಕಿಂತ ಮುಂಚೆ ಹಾಕ್ಸಿದ್ದು, ಬಿಲ್ಲು ಫೈಲಲ್ಲಿದೆ ಅಂತ ಟೈಪ್ ಮಾಡಿ ಕಳ್ಸಿ, ಇನ್ನೊಂದ್ಸಲ ಪ್ಲೇ ಮಾಡ್ದೆ.