ಎರಡು ಮೊಟ್ಟೆ

26 ಮೇ 2024, ಭಾನುವಾರ, ಹಾಸನ

ಬೆಳಗ್ಗೆಯಿಂದ ಅದೇ ಕಣ್ಮುಂದೆ ಬರ್ತಿದೆ, ಬರೆದುಬಿಡ್ತೀನಿ.

ಬಂಗುಡೆ ತರೋಕೆ ಕಾಕನ ಅಂಗಡಿಗೆ ಹೋಗಿದ್ದೆ. ಶಿರಾಡಿಲಿ ಜಾಮ್ ಆಗಿ ಗಾಡಿ ಲೇಟಂತೆ, ಆಗ ತಾನೆ ಬಾಕ್ಸ್ ಬಿಚ್ತಿದ್ರು. ಐಸ್ ಕೆಳಗಿಂದ ಮೊಳದುದ್ದದ ಕಂದು ಮೀನೊಂದು ಬಂತು, ತೆಳ್ಳಗೆ, ಉದ್ದ ಬಾಲ, ಮೂಗಿನ ಹತ್ರ ಎರಡು ಸಣ್ಣ ಮೀಸೆ. ಬೆರಳಾಡಿಸಿದೆ, ತಲೆಯಿಂದ ಬಾಲದ ಕಡೆಗೆ ನುಣ್ಣಗಿದೆ, ವಾಪಸ್ ಎಳೆದ್ರೆ ಉಪ್ಪುಕಾಗದ.

"ಇದ್ಯಾವ್ದು ಕಾಕಾ?"

"ಶಾರ್ಕೇ ಅಕ್ಕ. ದೊಡ್ಡದಾಗೋ ಜಾತಿ ಅಲ್ಲ ಇದು, ಅಡಿಯಲ್ಲೇ ಮಲಗಿರ್ತದೆ. ಇದಕ್ಕಂತ ಯಾರೂ ಬಲೆ ಹಾಕೋದಿಲ್ಲ, ಬಲೆ ಅಡಿ ಕೆರೀತದಲ್ಲ, ಎಲ್ಲದ್ರ ಜೊತೆ ಬರ್ತದೆ."

ಕಾಕ ಮೊದಲು ಮಲ್ಪೆಲಿ ಬೋಟಲ್ಲಿದ್ದವರು, ಗೊತ್ತಲ್ಲ.

ಅಷ್ಟೊತ್ತಿಗೆ ಯಾರೋ ಅದನ್ನೇ ಕೊಡಿ ಅಂದ್ರು, ಕಾಕ ಹೊಟ್ಟೆ ಸೀಳಿದ್ರು. ಒಳಗೆ ಎರಡು ಚೀಲ. ಬೆಲ್ಲದ ಬಣ್ಣ, ಚಪ್ಪಟೆ, ಹುಣಸೆಬೀಜದ ಥರ ಹೊಳಪು.

"ಮೊಟ್ಟೆ. ಒಂದ್ಸಲಕ್ಕೆ ಎರಡೇ ಇಡೋದು," ಅಂತ ಬಕೆಟ್ಟಿಗೆ ಹಾಕಿದ್ರು.

ಮರಿ ಆಗಲ್ವಾ ಅಂದೆ.

"ಐಸಲ್ಲಿ ಎರಡು ದಿನ ಆಯ್ತಲ್ಲ ಅಕ್ಕ." ಚಾಕು ಒರೆಸ್ತಾ ಬಕೆಟ್ ಕಡೆನೇ ನೋಡ್ತಿದ್ರು. "ಒಂದನೇ ತಾರೀಕಿಗೆ ಹೇಗೂ ಬಂದ್ ಇತ್ತು."

ಅದೇ ನಂಗೆ ತಡ್ಕೊಳಕ್ಕಾಗ್ತಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಟ್ರಾಲ್ ಬೋಟ್, ಅದೇ ಅಡಿ ಕೆರೆಯೋ ಬಲೆಯವು, ಕಡಲಿಗೆ ಇಳಿಯೋ ಹಾಗಿಲ್ಲ. ಇನ್ನೊಂದು ವಾರ ತಪ್ಪಿಸ್ಕೊಂಡಿದ್ರೆ ಎರಡನ್ನೂ ಎಲ್ಲೋ ತಳದಲ್ಲಿ ಇಟ್ಟಿರ್ತಿತ್ತು.

ಸಂಜೆ ಮೊಬೈಲಲ್ಲಿ ಹುಡುಕ್ದೆ, ಮೀಸೆ ಬಾಲ ಎಲ್ಲ ನೋಡಿದ್ರೆ ಗ್ರೇ ಬ್ಯಾಂಬೂ ಶಾರ್ಕ್ ಇರ್ಬೇಕು. 1838ರಲ್ಲೇ ಮ್ಯೂಲರ್, ಹೆನ್ಲೆ ಅಂತ ಇಬ್ರು ಜರ್ಮನ್ನರು ಹೆಸರಿಟ್ಟಿದ್ದಾರೆ, ನಾನು ನೋಡಿದ್ದು ಇವತ್ತು. ಎಷ್ಟು ಬೆಳೆದ್ರೂ 77 ಸೆಂಟಿಮೀಟರ್. ದೊಡ್ಡ ಶಾರ್ಕ್‌ಗಳಲ್ಲಿ ಕೆಲವು ಈಜೋದು ನಿಲ್ಲಿಸಿದ್ರೆ ಉಸಿರೇ ಆಡಲ್ಲ, ಇದು ಮಲಗಿದ್ದಲ್ಲೇ ಬಾಯಲ್ಲಿ ನೀರೆಳ್ಕೊಂಡು ಕಿವಿರಿಗೆ ಬಿಟ್ಕೊಳ್ಳುತ್ತೆ, ಹಗಲು ಹಾಗೇ ಬಿದ್ದಿದ್ದು ರಾತ್ರಿ ಏಡಿ ಸಿಗಡಿ ಹುಡುಕ್ಕೊಂಡು ಹೊರಡುತ್ತೆ. ನೀರಿಂದ ಎತ್ತಿದ್ಮೇಲೂ ಸುಮಾರು ಹೊತ್ತು ಜೀವ ಹಿಡ್ಕೊಂಡಿರುತ್ತಂತೆ. ಅಂದ್ರೆ ಬಲೆ ಸುರಿದಾಗ ಬದುಕಿತ್ತೋ ಏನೋ. ಹೊಟ್ಟೇಲಿ ಎರಡಿಟ್ಕೊಂಡು ಐಸ್ ಬೀಳೋವರೆಗೂ ಬಾಯಿ ಆಡಿಸ್ತಾ...

ಅಮ್ಮ ಊಟಕ್ಕೆ ಕರೀತಿದಾರೆ, ಬಂಗುಡೆ ಸಾರು. ಹೊರಗೆ ಮಳೆ ಜೋರಾಯ್ತು. ಮುಂದಿನ ವಾರ ಕಾಕನ್ನ ಕೇಳ್ಬೇಕು, ಬೋಟಲ್ಲಿದ್ದಾಗ ಇಂಥವು ಬಂದ್ರೆ ಜೀವ ಇರ್ತಿತ್ತಾ, ಇದ್ರೆ ಯಾರಾದ್ರೂ ಒಬ್ರು ಎತ್ತಿ ವಾಪಸ್