ಒಂದು ಸಲೈನ್ ಹಚ್ಚೋಕೆ ನಿಮಗೇನು ಕಷ್ಟ?

ಈ ಪ್ರಶ್ನೆ ಪೇಷಂಟುಗಳು ಕೇಳುತ್ತಾರೆ, ಅವರನ್ನು ಕರೆತಂದ ಆಟೋದವರು ಕೇಳುತ್ತಾರೆ, ನಮ್ಮ ಮನೆಯವರೂ ಕೇಳುತ್ತಾರೆ. ಸಿಂಧನೂರಲ್ಲಿ ನನ್ನದೊಂದು ಸಣ್ಣ ದವಾಖಾನೆ. ಭತ್ತದ ನಾಟಿ ಶುರುವಾದರೆ ದಿನವಿಡೀ ಕೆಸರಲ್ಲಿ ಬಗ್ಗಿ ದುಡಿದ ಹೆಣ್ಣುಮಕ್ಕಳು ಸಂಜೆ ಬರುತ್ತಾರೆ. "ಮೈಯಾಗ ಶಕ್ತಿನ ಇಲ್ರಿ ಸರ, ಒಂದು ಬಾಟ್ಲಿ ಹಚ್ರಿ." ಬೇಡ ಅಂದರೆ ಮುಖ ಸಣ್ಣದಾಗುತ್ತದೆ. ಒಬ್ಬ ಅಜ್ಜಿಯಂತೂ ನೇರವಾಗಿ ಕೇಳಿದಳು: "ಸೂಜಿ ಇಲ್ಲ, ಸಲೈನ್ ಇಲ್ಲ. ಮತ್ಯಾಕ ಯಪ್ಪಾ ದವಾಖಾನಿ ತೆಗದಿ?"

ಮೊದಲು ಬಾಟಲಿಯೊಳಗೆ ಏನಿದೆ ಹೇಳಿಬಿಡುತ್ತೇನೆ. ಅರ್ಧ ಲೀಟರ್ ನಾರ್ಮಲ್ ಸಲೈನಿನಲ್ಲಿ ಇರುವುದು ನೀರು ಮತ್ತು ನಾಲ್ಕೂವರೆ ಗ್ರಾಂ ಉಪ್ಪು. ಗ್ಲೂಕೋಸ್ ಬಾಟಲಿ ಅಂತೀವಲ್ಲ, ಅದರಲ್ಲಿ 25 ಗ್ರಾಂ ಸಕ್ಕರೆ. ನಮ್ಮೂರ ಚಹಾ ಎರಡು ಮೂರು ಕಪ್ ಕುಡಿದರೆ ಅಷ್ಟು ಸಕ್ಕರೆ ಹೊಟ್ಟೆಗೆ ಹೋಗಿರುತ್ತದೆ! ಇದಕ್ಕೆ ಅವರು ಕೊಡುವುದು ಒಂದು ದಿನದ ಕೂಲಿ.

ಹಾಗಂತ ಸಲೈನ್ ಸುಳ್ಳಲ್ಲ. ವಾಂತಿ ನಿಲ್ಲದವರಿಗೆ, ಭೇದಿಯಾಗಿ ಕಣ್ಣು ಒಳಗೆ ಹೋದ ಮಗುವಿಗೆ, ಮೇ ತಿಂಗಳ ಬಿಸಿಲಿಗೆ ಎಚ್ಚರ ತಪ್ಪಿದವರಿಗೆ ಅದು ಜೀವ ಉಳಿಸುತ್ತದೆ. ಬಾಯಿಂದ ಕುಡಿಯಲು ಆಗುವವರಿಗೆ ನೀರಿಗೆ ಕಲಸಿ ಕುಡಿಯುವ ಉಪ್ಪು-ಸಕ್ಕರೆಯ ಒಆರ್‌ಎಸ್ ಪುಡಿ ಸಾಕು. ಆಶಾ ಕಾರ್ಯಕರ್ತೆಯರ ಹತ್ತಿರ ಪುಕ್ಕಟೆ ಸಿಗುತ್ತದೆ. ಬಹುಶಃ ಪುಕ್ಕಟೆ ಸಿಗುವುದೇ ಅದರ ತಪ್ಪು.

1971ರಲ್ಲಿ ಪೂರ್ವ ಪಾಕಿಸ್ತಾನದಿಂದ, ಅಂದರೆ ಈಗಿನ ಬಾಂಗ್ಲಾದೇಶದಿಂದ, ಓಡಿಬಂದವರ ಶಿಬಿರದಲ್ಲಿ, ಬಂಗಾಳದ ಬನಗಾಂವ್‌ನಲ್ಲಿ, ಕಾಲರಾ ಎದ್ದಿತು. ಸಲೈನ್ ಬಾಟಲಿ ಖಾಲಿಯಾಗುತ್ತಾ ಬಂದವು. ಡಾಕ್ಟರ್ ದಿಲೀಪ್ ಮಹಲನಾಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ನೀರಿಗೆ ಬೆರೆಸಿ ಕುಡಿಸಿದರು. ಶೇಕಡಾ 30ರ ಹತ್ತಿರ ಇದ್ದ ಸಾವು 4ಕ್ಕಿಂತ ಕಮ್ಮಿಗೆ ಇಳಿಯಿತು. ಅದೇ ಪೂರ್ವ ಪಾಕಿಸ್ತಾನದಿಂದ ಬಂದವರ ಕ್ಯಾಂಪುಗಳು ನಮ್ಮ ಸಿಂಧನೂರಿನ ಪಕ್ಕದಲ್ಲೂ ಇವೆ. ಅಲ್ಲಿಂದ ಬರುವವರೂ ಬಾಟಲಿಯನ್ನೇ ಕೇಳುತ್ತಾರೆ.

ಈಗ ನನ್ನ ಕಥೆ. ದವಾಖಾನೆ ತೆಗೆದ ಹೊಸದರಲ್ಲಿ ನಾನೂ ಹಚ್ಚುತ್ತಿದ್ದೆ. ಬಾಡಿಗೆ ಕಟ್ಟಬೇಕು, ಸಾಲ ತೀರಿಸಬೇಕು. ಅದಕ್ಕಿಂತ ಜಾಸ್ತಿ, ಜನ ಖುಷಿಯಾಗಿ ಹೋಗುತ್ತಿದ್ದರು. ಒಂದು ಸಂಜೆ ಅಜ್ಜನೊಬ್ಬ ಬಂದ. ಸುಸ್ತು ಅಂದ, ಬಾಟಲಿ ಕೇಳಿದ. ಹೊರಗೆ ಹದಿನೈದು ಜನ ಕೂತಿದ್ದರು. ಕಾಲು ಒತ್ತಿ ಬಾವು ಇದೆಯಾ ನೋಡಲಿಲ್ಲ, ರಾತ್ರಿ ಮಲಗಿದರೆ ದಮ್ಮು ಬರುತ್ತದಾ ಕೇಳಲಿಲ್ಲ. ಹಚ್ಚಿಬಿಟ್ಟೆ. ಅರ್ಧ ಬಾಟಲಿ ಇಳಿಯುವಷ್ಟರಲ್ಲಿ ಅಜ್ಜ ಎದ್ದು ಕೂತ, ಏದುಸಿರು, ಎದೆಯಲ್ಲಿ ಗೊರಗೊರ ಸದ್ದು. ಹೃದಯ ಮೊದಲೇ ಸೋತಿತ್ತು. ನಾನು ಸುರಿದ ನೀರು ಶ್ವಾಸಕೋಶಕ್ಕೆ ಇಳಿದಿತ್ತು. ಬಾಟಲಿ ಕಿತ್ತು, ಮೈಯ ನೀರಿಳಿಸುವ ಲಾಸಿಕ್ಸ್ ಕೊಟ್ಟು, ಆಕ್ಸಿಜನ್ ಹಚ್ಚಿ ರಾಯಚೂರಿಗೆ ಕಳಿಸಿದೆ. ಆಂಬುಲೆನ್ಸಿನಲ್ಲಿ ನಾನೂ ಹೋದೆ. ಅಜ್ಜ ಬದುಕಿದ. ವಾರದ ಮೇಲೆ ಅವನ ಮಗ ಬಂದು, "ನೀವಿದ್ದಿದ್ದಕ್ಕ ನಮ್ಮಪ್ಪ ಉಳದ್ರಿ ಸರ" ಅಂತ ಕೈ ಮುಗಿದ. ಆಗಿದ್ದು ಏನು ಅಂತ ಅವನಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಇವತ್ತಿಗೂ ಹೇಳಿಲ್ಲ.

ಸ್ಕ್ಯಾನಿಂಗ್ ಸೆಂಟರಿನ ಕವರ್ ವಾಪಸ್ ಕಳಿಸುವುದು ಕಷ್ಟವಲ್ಲ. ರೆಫರ್ ಮಾಡಿದ್ದಕ್ಕೆ ಕಮಿಷನ್ ತೆಗೆದುಕೊಳ್ಳಬಾರದು ಅಂತ ವೈದ್ಯರ ನಡತೆಯ 2002ರ ನಿಯಮದಲ್ಲೇ ಇದೆ. ಕೊಡುವವನಿಗೂ ಗೊತ್ತು, ತಗೊಳ್ಳುವವನಿಗೂ ಗೊತ್ತು. ಬಾಟಲಿ ಹಾಗಲ್ಲ. ಪೇಷಂಟೇ ಬೇಡಿಕೊಳ್ಳುತ್ತಾನೆ, ತಾನೇ ದುಡ್ಡು ಕೊಡುತ್ತಾನೆ, ಹರಸಿ ಹೋಗುತ್ತಾನೆ. ಯಾರೂ ಬೈಯುವುದಿಲ್ಲ. ಜಾರುವುದು ಇಂಥ ಕಡೆಯೇ.

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ತೀರಿಕೊಂಡರು. ಅವರಿಗೆ ಕೊಟ್ಟ ರಿಂಗರ್ ಲ್ಯಾಕ್ಟೇಟ್ ಎಂಬ ಸಲೈನಿನಂಥದೇ ಬಾಟಲಿಯ ಮೇಲೆ ಅನುಮಾನ ಬಂದು ಸರ್ಕಾರ ಅದನ್ನು ತಯಾರಿಸಿದ ಕಂಪನಿಯ ದ್ರಾವಣ ಬಳಸುವುದನ್ನು ನಿಲ್ಲಿಸಿತು. ಟೀವಿ ತುಂಬ ಅದೇ ಸುದ್ದಿ. ಸ್ವಲ್ಪ ದಿನ ನನ್ನಲ್ಲಿ ಯಾರೂ ಬಾಟಲಿ ಕೇಳಲಿಲ್ಲ. ಸಂಕ್ರಾಂತಿ ಹೊತ್ತಿಗೆ ಮತ್ತೆ ಶುರು.

ಹಾಗಾದರೆ ಏನು ಮಾಡುತ್ತೇನೆ? ಐದು ನಿಮಿಷ ಜಾಸ್ತಿ ಕೂರುತ್ತೇನೆ. ಏನು ಉಂಡೆ, ಎಷ್ಟು ನೀರು ಕುಡಿದೆ ಕೇಳುತ್ತೇನೆ. ಹೆಣ್ಣುಮಕ್ಕಳಲ್ಲಿ ಬಹಳ ಸಲ ರಕ್ತವೇ ಕಮ್ಮಿ ಇರುತ್ತದೆ. ಕಬ್ಬಿಣಾಂಶದ ಗುಳಿಗೆ ಮೂರು ತಿಂಗಳು ನುಂಗಬೇಕು. ಬಾಟಲಿಯ ಹಾಗೆ ಒಂದು ತಾಸಿನಲ್ಲಿ ಮುಗಿಯುವುದಿಲ್ಲ, ಅದಕ್ಕೇ ಅರ್ಧಕ್ಕೆ ಬಿಡುತ್ತಾರೆ. ನನ್ನ ಪೇಷಂಟುಗಳೂ ಕಮ್ಮಿ ಆದರು, ಸುಳ್ಳು ಯಾಕೆ ಹೇಳಲಿ?

ಆ ಅಜ್ಜಿ ಮಾತ್ರ ಈಗಲೂ ಬರುತ್ತಾಳೆ. ಹಿಂದಿನ ಓಣಿಯಲ್ಲಿ ಸಲೈನ್ ಹಚ್ಚಿಸಿಕೊಂಡು, ಮುಂಗೈಗೆ ಅಂಟಿಸಿದ ಹತ್ತಿ ಹಾಗೇ ಇಟ್ಟುಕೊಂಡು, ನನ್ನ ಮುಂದೆ ಕೂರುತ್ತಾಳೆ. "ಬೀಪಿ ನೋಡು ಯಪ್ಪಾ. ಅವ ಬರೇ ಬಾಟ್ಲಿ ಹಚ್ತಾನ, ನೋಡಂಗೇ ಇಲ್ಲ."