ಕಚ್ಚಿದ ಉಂಡೆ

ಈ ಸಂಚಿಕೆ ತರುತ್ತಿರುವ ನಮ್ಮ ಶಾಲೆಗೆ ನಾನು ಸೇರಿದ 2009ರಲ್ಲಿಯೇ ಇಲ್ಲಿಗೆ ನಲಿ-ಕಲಿ ಎಂಬ, ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ ಬಂದಿತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ ಈ ಪದ್ಧತಿಗೆ ಆಂಧ್ರದ ರಿಷಿ ವ್ಯಾಲಿಯ ಹಳ್ಳಿಶಾಲೆಗಳು ಪ್ರೇರಣೆ ಎಂಬುದೆಲ್ಲ ನನಗೆ ತಿಳಿದದ್ದು ಬಹಳ ತಡವಾಗಿ. ಆಗ ಕಂಡದ್ದು ಇಷ್ಟೇ: ಒಂದನೇ ಮತ್ತು ಎರಡನೇ ತರಗತಿಗಳು ಒಂದೇ ಕೋಣೆಗೆ ಬಂದವು, ಮರುವರ್ಷ ಮೂರನೆಯದೂ ಸೇರಿತು. ಗೋಡೆಯ ಬುಡಕ್ಕೆ ನಮ್ಮ ಕೈಗೆಟಕುವಂತೆ ಕಪ್ಪುಹಲಗೆ ಬಳಿದರು, ತಲೆಯ ಮೇಲೆ ಹಗ್ಗದ ಚಪ್ಪರ ಕಟ್ಟಿದರು. ಮನೆಯವರಿಗೆ ಇದು ಹಿಡಿಸಲಿಲ್ಲ. ಪಠ್ಯಪುಸ್ತಕವಿಲ್ಲದೆ ಕಾರ್ಡು ಹಿಡಿದು ಓದುವುದನ್ನು ನನ್ನ ಅಜ್ಜಿ ಇಸ್ಪೀಟಿಗೆ ಹೋಲಿಸುತ್ತಿದ್ದರು.

ಕಲಿಯಬೇಕಾದದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಪಟವಾದ ಕಲಿಕಾ ಏಣಿಯಲ್ಲಿ ನಮ್ಮ ಮೆಟ್ಟಿಲನ್ನು ಹುಡುಕಿ, ಅದರ ಚಿತ್ರವಿರುವ ಕಾರ್ಡನ್ನು ತಟ್ಟೆಯಿಂದ ಎತ್ತಿಕೊಂಡು, ಐದು ಗುಂಪುಗಳಲ್ಲಿ ನಮಗೆ ಸೇರಿದ ಕಡೆ ಕೂರಬೇಕಿತ್ತು. ಎರಡು ಗುಂಪುಗಳಿಗೆ ಟೀಚರ್ ನೆರವು, ಎರಡಕ್ಕೆ ಸಹಪಾಠಿಗಳ ನೆರವು, ಕೊನೆಯದು ಸ್ವಕಲಿಕೆಯದು. ಆ ಕೊನೆಯ ಗುಂಪಿನಲ್ಲಿ ನಾವು ಕಲಿತದ್ದಕ್ಕಿಂತ ಕಿಟಕಿಯಾಚೆ ನೋಡಿದ್ದೇ ಹೆಚ್ಚು ಎಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ಅಕ್ಷರಗಳು ಅಆಇಈ ಎಂದು ಬರುತ್ತಿರಲಿಲ್ಲ. ರ, ಗ, ಸ, ದ, ಅ ಎಂಬ ಐದರಿಂದ ಆರಂಭ, ಏಕೆಂದರೆ ಆ ಐದರಲ್ಲೇ ಸರ, ಅರಸ, ಅಗಸ, ಗರಗಸ ಎಂದು ಓದಿಬಿಡಬಹುದು. ನನಗೆ 'ಗರಗಸ' ಓದಿಸಿದವಳು ಎರಡನೇ ತರಗತಿಯ ಒಬ್ಬ ಅಕ್ಕ. ನೆಲದ ಮೇಲೆ ಸುಣ್ಣದಕಡ್ಡಿಯಿಂದ ಬರೆದ ಅಕ್ಷರದ ಗೆರೆಯುದ್ದಕ್ಕೂ ಹುಣಸೆಬೀಜ ಜೋಡಿಸಿ, ನನ್ನ ಬೆರಳು ಹಿಡಿದು ಅದರ ಮೇಲೆ ಓಡಿಸಿದ್ದಳು.

ಮರುವರ್ಷ ಕಲಿಸುವ ಸರದಿ ನನ್ನದಾಯಿತು. ನನ್ನ ಪಾಲಿಗೆ ಬಂದ ಒಂದನೇ ತರಗತಿಯ ಹುಡುಗನಿಗೆ ರ ಮತ್ತು ದ ಎರಡೂ ಒಂದೇ. ನನಗೆ ಅವೆರಡರ ವ್ಯತ್ಯಾಸ ಕಾಣುತ್ತಿತ್ತೇ ಹೊರತು ಹೇಳಲು ಬರುತ್ತಿರಲಿಲ್ಲ. ತಿಳಿದಿದೆ ಎಂದುಕೊಂಡದ್ದನ್ನು ಇನ್ನೊಬ್ಬರ ಮುಂದೆ ಬಿಡಿಸಿಡಲು ಹೋದಾಗಲೇ ಅದು ಎಷ್ಟು ತಿಳಿದಿದೆ ಎಂಬುದು ಹೊರಬೀಳುತ್ತದೆಂದು ನಾನು ಮೊದಲು ಕಂಡದ್ದು ಆ ಚಾಪೆಯ ಮೇಲೆ. ಮೂರು ದಿನಕ್ಕೆ ಬೇಸತ್ತು ಅವನ ಅಭ್ಯಾಸವನ್ನೆಲ್ಲ ನಾನೇ ಬರೆದು ತೋರಿಸಿಬಿಟ್ಟೆ. ಟೀಚರ್ ಅವನನ್ನು ಹಲಗೆಯ ಬಳಿಗೆ ಕರೆದು 'ದರ' ಎಂದು ಬರೆಯಲು ಹೇಳಿದರು. ಅವನು 'ರರ' ಎಂದು ಬರೆದ. ಅವರು ಬೈಯಲಿಲ್ಲ, ಅದೇ ಕಾರ್ಡನ್ನು ನಮ್ಮಿಬ್ಬರ ನಡುವೆ ಮತ್ತೆ ಇಟ್ಟು ಹೋದರು.

ಈ ಬಾರಿ ನಾನು ಸುಮ್ಮನೆ ಕುಳಿತೆ. ಅವನು ಎರಡೂ ಅಕ್ಷರಗಳನ್ನು ಬಹಳ ಹೊತ್ತು ನೋಡಿ, "ರ ಉಂಡೆ ಕಣೋ, ದ ಕೆಳಗೆ ಕಚ್ಚಿದ ಉಂಡೆ" ಎಂದ. ಆಮೇಲೆ ಅವನು ತಪ್ಪಲಿಲ್ಲ.

ಟೀಚರ್ ಬಂದು, "ಹೇಗೆ ಹೇಳಿಕೊಟ್ಟೆಯಪ್ಪಾ?" ಎಂದು ಕೇಳಿದಾಗ ನಾನು ಕಚ್ಚಿದ ಉಂಡೆಯ ಉಪಾಯವನ್ನು ನನ್ನದೆಂಬಂತೆ ವಿವರಿಸಿ ಎಲ್ಲರ ಚಪ್ಪಾಳೆ ಪಡೆದೆ. ಅವನು ಪಕ್ಕದಲ್ಲೇ ಕುಳಿತು ತಾನೂ ಚಪ್ಪಾಳೆ ತಟ್ಟುತ್ತಿದ್ದ. ಈ ಸಂಚಿಕೆಗೆ ಬರೆದುಕೊಡಿ ಎಂದು ಶಾಲೆಯವರು ಕೇಳಿದಾಗ ನಾನು ತಕ್ಷಣ ಒಪ್ಪಿದ್ದು ಈ ಒಂದು ತಿದ್ದುಪಡಿಗಾಗಿ.